ಕಾಕಾ ಹಿಡಿದ ಸೀಟು

ನಮ್ಮ ಬಳಗದಲ್ಲಿ ಬಸುರಿಯ ಕುಬಸ ಇರಲಿ, ಕೂಸಿನ ತೊಟ್ಟಿಲು ಇರಲಿ, ಹೊಸ ಮನೆಯ ಶಾಂತಿ ಇರಲಿ, ಅಡುಗೆಯವರಿಗೆ ಹೇಳುವ ಮೊದಲು ನನಗೆ ಫೋನು ಬರುತ್ತದೆ. ‘ಊಟ ಆದ ಮ್ಯಾಲ ಆಟ ನೀನೇ ಆಡಿಸಬೇಕು ನೋಡವಾ’ ಎನ್ನುತ್ತಾರೆ. ನಾನು ‘ನನಗ ಕೆಲಸ ಭಾಳ ಅದ’ ಎಂದು ಒಂದೆರಡು ಸಲ ಬಿಂಕ ಮಾಡಿ ಆಮೇಲೆ ಒಪ್ಪಿಕೊಳ್ಳುತ್ತೇನೆ. ಸೇಡಂನಲ್ಲಿ ನನ್ನದು ಬ್ಲೌಸು ಹೊಲಿಯುವ ಅಂಗಡಿ, ಕೆಲಸವೇನೋ ನಿಜಕ್ಕೂ ಇರುತ್ತದೆ. ಆದರೆ ಮೂವತ್ತು ನಲವತ್ತು ಮಂದಿಯನ್ನು ಒಂದೇ ಪಡಸಾಲೆಯಲ್ಲಿ ಕೂರಿಸಿ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುವವರು ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಈ ನಾಲ್ಕೂ ಕಡೆ ಹುಡುಕಿದರೂ ನನ್ನಂಥವರು ಇನ್ನೊಬ್ಬರು ಸಿಗಲಿಕ್ಕಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಈಗಿನ ಹುಡುಗರು ಫೋನಿನಲ್ಲಿ ನೋಡಿ ಆಟ ಆರಿಸುತ್ತಾರೆ. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಿತ್ತಾಪುರದಲ್ಲಿ ಒಂದು ಕುಬಸಕ್ಕೆ ಹೋಗಿದ್ದೆ. ಬಸುರಿ ಹುಡುಗಿಯ ಮೈದುನ ಒಬ್ಬ ಬಲೂನು ತಂದಿದ್ದ. ಗಂಡ ಹೆಂಡತಿ ಇಬ್ಬರೂ ಹಣೆ ಹಣೆಯ ನಡುವೆ ಬಲೂನು ಹಿಡಿದು ಬಾಗಿಲಿನವರೆಗೆ ನಡೆಯಬೇಕಂತೆ. ಮಾವ ಅತ್ತೆ ಕೂತಿದ್ದಾರೆ, ಬೀಗರು ಕೂತಿದ್ದಾರೆ. ಎಲ್ಲರೂ ನೆಲ ನೋಡತೊಡಗಿದರು. ಹುಡುಗಿಯ ಅಜ್ಜ ‘ಎಮ್ಮಿಗಿ ನೀರ್ ಇಟ್ಟಾರೋ ಇಲ್ಲೋ’ ಎನ್ನುತ್ತ ಎದ್ದು ಹೋದ. ಆ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ನಾನು ಬಲೂನು ಕಸಿದು ಮೂಲೆಗೆ ಎಸೆದೆ. ಒಳಗಿನಿಂದ ಒಂದು ಇಳಕಲ್ ಸೀರೆ ತರಿಸಿದೆ. ಇಬ್ಬರು ಬೀಗರನ್ನು ಎಬ್ಬಿಸಿ, ಇತ್ತ ಒಬ್ಬರು ಅತ್ತ ಒಬ್ಬರು ನಿಂತು, ಮಾತಾಡದೆ, ಅಂಚು ನೆಲಕ್ಕೆ ತಾಗದಂತೆ ಆ ಸೀರೆ ಮಡಚಬೇಕು ಎಂದೆ. ಒಬ್ಬರು ಎಡಕ್ಕೆ ಮಡಚಿದರೆ ಇನ್ನೊಬ್ಬರು ಬಲಕ್ಕೆ ಮಡಚಿದರು. ಒಬ್ಬರು ಮುಂದೆ ಬಂದಾಗ ಇನ್ನೊಬ್ಬರೂ ಮುಂದೆ ಬಂದು ಹೊಟ್ಟೆಗೆ ಹೊಟ್ಟೆ ತಾಗಿತು. ಕೊನೆಗೆ ಆ ಸೀರೆ ಇಬ್ಬರ ಕೊರಳಿಗೂ ಸುತ್ತಿಕೊಂಡಿತು. ಬಸುರಿ ಹುಡುಗಿ ‘ಸಾಕು ಬಿಡ್ರಿ ಅತ್ತಿ, ನಗಲಿಕ್ಕ ಆಗಲ್ದು’ ಎಂದು ನನ್ನ ಕೈ ಹಿಡಿದಳು. ಎಮ್ಮೆ ನೋಡಲು ಹೋಗಿದ್ದ ಅಜ್ಜನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಆಟ ಆರಿಸುವುದು ಅಳತೆ ತೆಗೆದುಕೊಳ್ಳುವಂಥದೇ ಕೆಲಸ. ಮಂದಿಯನ್ನು ನೋಡದೆ ಆಟ ತರುವುದು ಅಳತೆಯಿಲ್ಲದೆ ಬಟ್ಟೆ ಕತ್ತರಿಸಿದ ಹಾಗೆ. ನಾನು ಮೊದಲು ಕೇಳುವುದು ಯಾರು ಯಾರು ಬರುತ್ತಾರೆ, ಯಾರಿಗೆ ಯಾರ ಮೇಲೆ ಮುನಿಸಿದೆ, ಯಾರಿಗೆ ಮೊಣಕಾಲು ನೋವು, ಯಾರು ಸೋತರೆ ಮುಖ ಊದಿಸಿಕೊಳ್ಳುತ್ತಾರೆ ಎಂದು. ಬೇಳೆ ಮುಟ್ಟಿ ಹೆಸರು ಹೇಳುವ ಆಟ ಹೆಂಗಸರಿಗೆ ಬೇಡ, ನಮ್ಮ ಕಡೆಯವರು ತೊಗರಿ ಕಡಲೆಗಳ ನಡುವೆಯೇ ಹುಟ್ಟಿದವರು, ಕಣ್ಣು ಕಟ್ಟಿದರೂ ಎಲ್ಲರೂ ಗೆದ್ದುಬಿಡುತ್ತಾರೆ. ಅದೇ ಆಟವನ್ನು ಗಂಡಸರಿಗೆ ಕೊಟ್ಟರೆ ತೊಗರಿ ವ್ಯಾಪಾರ ಮಾಡುವವರೂ ತಪ್ಪು ಹೇಳುತ್ತಾರೆ. ಚಂದಾಪುರದ ಒಂದು ಮನೆ ಶಾಂತಿಯಲ್ಲಿ ಗಂಡಸರನ್ನು ಜೋಳದ ರೊಟ್ಟಿ ಬಡಿಯಲು ಹಚ್ಚಿದ್ದೆ. ಒಬ್ಬ ಆಫೀಸರು ಬಡಿದ ರೊಟ್ಟಿಯನ್ನು ಅವನ ಹೆಂಡತಿ ಎತ್ತಿ ಎಲ್ಲರಿಗೂ ತೋರಿಸಿ, ‘ಇದಕ್ಕ ಎರಡ್ ಬಾರ್ ಹಚ್ಚಿದ್ರ ಕಾಲಾಗ ಹಾಕ್ಕೊಂಡ್ ಹೋಗಬಹುದು’ ಎಂದಳು. ಅವನು ಆ ರೊಟ್ಟಿಯನ್ನು ಹಟ ಹಿಡಿದು ತಿಂದ.

ನನ್ನ ಜೊತೆಗೆ ಯಾವಾಗಲೂ ಪಕ್ಕದ ಬಳೆ ಅಂಗಡಿಯ ಆಪಾ ಇರುತ್ತಾಳೆ. ನನಗಿಂತ ದೊಡ್ಡವಳು, ದನಿಯೂ ದೊಡ್ಡದು. ಆಟದ ಸಾಮಾನಿನ ಚೀಲ ಅವಳ ಹೆಗಲಿಗೆ, ಸೀಟಿ ನನ್ನ ಕೊರಳಿಗೆ. ಸೀಟಿ ನನ್ನ ಯಜಮಾನರದು. ಅವರು ಸೇಡಂನಿಂದ ಸುಲೇಪೇಟದ ಮೇಲೆ ಹಾಯ್ದು ಚಿಂಚೋಳಿಗೆ ಹೋಗುವ ಬಸ್ಸಿನ ಕಂಡಕ್ಟರು.

ನನ್ನ ಎಲ್ಲ ಆಟಗಳಲ್ಲಿ ಹೆಸರಾದ ಆಟ ಹುಟ್ಟಿದ್ದೂ ಅವರ ಬಸ್ಸಿನಿಂದಲೇ. ಸುಲೇಪೇಟದಲ್ಲಿ ಸಂತೆಯ ದಿನ ಬಸ್ಸು ನಿಲ್ಲುವ ಮೊದಲೇ ಮಂದಿ ಕಿಟಕಿಗೆ ಮುತ್ತುತ್ತಾರೆ. ಒಳಗೆ ದಸ್ತಿ ಎಸೆಯುತ್ತಾರೆ, ಚೀಲ ಎಸೆಯುತ್ತಾರೆ, ದಸ್ತಿ ಬಿದ್ದ ಸೀಟು ದಸ್ತಿಯವರದು. ನಮ್ಮ ಕಡೆ ಕರವಸ್ತ್ರಕ್ಕೆ ದಸ್ತಿ ಎನ್ನುತ್ತೇವೆ, ಮೂಗು ಒರೆಸುವುದಕ್ಕಿಂತ ಅದು ಸೀಟು ಹಿಡಿಯಲು ಹೆಚ್ಚು ಬಳಕೆಯಾಗುತ್ತದೆ. ಒಮ್ಮೆ ಒಬ್ಬ ಒಂದೇ ಒಂದು ಚಪ್ಪಲಿ ಎಸೆದು ಮೂರು ಮಂದಿಯ ಸೀಟು ಹಿಡಿದು, ಕುಂಟುತ್ತ ಬಂದು ಕೂತನಂತೆ. ಯಜಮಾನರು ಊಟಕ್ಕೆ ಕೂತು ಅದನ್ನು ಹೇಳುತ್ತಿರುವಾಗಲೇ ನನ್ನ ತಲೆಯಲ್ಲಿ ಆಟ ತಯಾರಾಗಿತ್ತು.

ಕುರ್ಚಿಗಳನ್ನು ಬಸ್ಸಿನ ಸೀಟಿನಂತೆ ಎರಡೆರಡು ಜೋಡಿಸುವುದು. ಆಡುವವರು ಗೆರೆಯ ಆಚೆ ನಿಲ್ಲುವುದು. ನಾನು ಸೀಟಿ ಊದಿದ ಕೂಡಲೇ ದಸ್ತಿ ಎಸೆಯುವುದು. ಕುರ್ಚಿಯ ಮೇಲೆ ಬಿದ್ದು ನಿಂತರೆ ಸೀಟು ನಿಮ್ಮದು, ಜಾರಿ ಬಿದ್ದರೆ ನೀವು ಮುಂದಿನ ಬಸ್ಸಿಗೆ. ಇದಕ್ಕಿಂತ ಸುಲಭದ ಆಟವಿಲ್ಲ, ಮತ್ತು ಇದರಲ್ಲಿ ನಮ್ಮವರು ಮಾಡುವ ಜಗಳಕ್ಕಿಂತ ಚೆಂದದ ಜಗಳ ನಾನು ನೋಡಿಲ್ಲ.

ಹೋದ ವರ್ಷ ಶಹಾಬಾದದಿಂದ ಫೋನು ಬಂತು. ನನ್ನ ಕಾಕಾ ಕಾಕುವಿನ ಲಗ್ನವಾಗಿ ಐವತ್ತು ವರ್ಷ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ವಾಡಿಯಲ್ಲಿ ರೈಲು ಹಳಿ ಕಾಯುವ ಗ್ಯಾಂಗಿನಲ್ಲಿದ್ದು ನಿವೃತ್ತರಾದವರು. ಈಗ ಇಬ್ಬರೂ ಶಹಾಬಾದದಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ಸೊಸೆ ಸೇರಿ ಕೇಕು ಕತ್ತರಿಸಿ, ಹಾರ ಬದಲಾಯಿಸಿ, ಬಳಗವನ್ನೆಲ್ಲ ಕರೆದು ಊಟ ಹಾಕುವುದೆಂದು ತೀರ್ಮಾನಿಸಿದ್ದರು. ಐವತ್ತು ವರ್ಷದ ಹಿಂದೆ ಆ ಲಗ್ನಕ್ಕೆ ಹೋಗಿದ್ದವರಲ್ಲಿ ಯಾರೂ ಉಳಿದಿರಲಿಲ್ಲ. ನನ್ನ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಚಿಂಚೋಳಿ ಹತ್ತಿರದ ಚಿಮ್ಮನಚೋಡ ಕಾಕುವಿನ ತವರು, ಅಲ್ಲಿಯ ಹಿರಿಯರು ಅವಳ ಮಗನಿಗೆ ಬುದ್ಧಿ ಬರುವ ಮೊದಲೇ ಹೋಗಿಬಿಟ್ಟಿದ್ದರು. ಬರುವವರೆಲ್ಲ ಮಕ್ಕಳು, ಮೊಮ್ಮಕ್ಕಳು, ನಾವು, ಮತ್ತೆ ಓಣಿಯವರು.

ಅದಕ್ಕೆ ಹದಿನೈದು ದಿನ ಮೊದಲು ಕಾಕು ಬ್ಲೌಸಿನ ಅಳತೆ ಕೊಡಲು ಸೇಡಂಗೆ ಬಂದಳು. ಕಾಕಾ ಎದುರಿಗೆ ನಾನು ಗಟ್ಟಿಯಾಗಿ ಮಾತಾಡುವುದಿಲ್ಲ, ಕಾಕುವಿನ ಜೊತೆ ಮಾತ್ರ ಚಿಕ್ಕಂದಿನಿಂದಲೂ ಏಕವಚನದ ಸಲಿಗೆ. ಅವಳು ಯಾವಾಗಲೂ ತೋಳು ಉದ್ದ ಇಡು, ಕೊರಳು ಸಣ್ಣ ಇಡು ಎಂದು ಹತ್ತು ಸಲ ಹೇಳುವವಳು. ಅವತ್ತು ಸುಮ್ಮನೆ ನಿಂತಿದ್ದಳು. ನಾನು ಟೇಪು ಹಿಡಿದು ಬೆನ್ನ ಹಿಂದೆ ನಿಂತಾಗ ಮುಖ ತಿರುಗಿಸದೆ ಕೇಳಿದಳು.

‘ಆಟ ನೀನೇ ಆಡಸ್ತಿ ಏನು?’

‘ಮತ್ತ ಯಾರ್ ಆಡಸ್ತಾರ? ನಿನ್ ಮಗ ಬಲೂನ್ ತಂದ್ರ ಅವನ್ ತೆಲಿ ಮ್ಯಾಲೇ ಒಡಿತೀನಿ.’

‘ಒಂದ್ ಮಾತ್ ಕೇಳ್ತೀನಿ. ನಗಬ್ಯಾಡ.’

‘ನಗಲ್ಲ, ಹೇಳು.’

‘ನಿಮ್ ಕಾಕಾ ನನಗ ಇವತ್ತಿನ ತನಕ ಹೆಸರ್ ಹಿಡದು ಕರದಿಲ್ಲ. “ಏಯ್” ಅಂತಾರ. “ಕೇಳ್ತೇನು” ಅಂತಾರ. ಮಗ ಹುಟ್ಟಿದ ಮ್ಯಾಲ ಮಗನ ಹೆಸರ್ ಹಚ್ಚಿ “ಇವನವ್ವಾ” ಅಂತಾರ. ಬೈದಿಲ್ಲ, ಹೊಡದಿಲ್ಲ, ಏನೂ ಕಮ್ಮಿ ಮಾಡಿಲ್ಲ. ಆದ್ರ ನನಗೂ ಒಂದ್ ಹೆಸರ್ ಅದ ಅಂಬೋದೇ ಮರತಂಗ ಆಗ್ಯಾದ. ಒಮ್ಮಿ, ಒಂದೇ ಒಮ್ಮಿ, ಅವರ ಬಾಯಿಲೆ ನನ್ ಹೆಸರ್ ಕೇಳಬೇಕು. ಹಂತಾದೊಂದು ಆಟ ಆಡಸ್ತಿ?’

ಟೇಪನ್ನು ಮತ್ತೊಮ್ಮೆ ಹಿಡಿದು ತೆಗೆದ ಅಳತೆಯನ್ನೇ ಇನ್ನೊಮ್ಮೆ ತೆಗೆದೆ. ಆಮೇಲೆ, ‘ಇಷ್ಟೇ ಏನು? ಆತು ಬಿಡು. ಅವತ್ತು ನಿನ್ ಹೆಸರು ಶಹಾಬಾದ ತುಂಬ ಕೇಳ್ತದ’ ಎಂದೆ. ಅವಳು ನಕ್ಕಳು. ಹೋಗುವಾಗ ಕೊರಳು ಸಣ್ಣ ಇಡು ಎಂದು ಹೇಳುವುದನ್ನೂ ಮರೆಯಲಿಲ್ಲ.

ಮಾತು ಕೊಟ್ಟಿದ್ದೆ, ಇನ್ನು ಆಟ ಆರಿಸಬೇಕಿತ್ತು. ಕಾಕಾನ ಅಳತೆ ನನಗೆ ಗೊತ್ತು. ಕಾಕಾ ಭಾಳ ಕಡಿಮೆ ಮಾತಿನವರು. ಚೀಟಿ ಎತ್ತುವ ಆಟ ಇಟ್ಟರೆ ಚಷ್ಮಾ ತಂದಿಲ್ಲ ಎನ್ನುತ್ತಾರೆ. ‘ಹೆಂಡತಿ ಹೆಸರ್ ಹೇಳ್ರಿ’ ಎಂದು ನೇರವಾಗಿ ಕೇಳಿದರೆ ಎದ್ದು ಹೋಗುತ್ತಾರೆ, ಅವರಿಗೆ ಎಮ್ಮೆಯ ನೆಪವೂ ಬೇಕಿಲ್ಲ. ಕಣ್ಣು ಕಟ್ಟಿ ಹೆಂಡತಿಯ ಕೈ ಗುರುತಿಸುವ ಆಟವಂತೂ ಆ ವಯಸ್ಸಿನವರಿಗೆ ಬೇಡವೇ ಬೇಡ. ಹೊಲಿಗೆ ಮಶೀನಿನ ಮುಂದೆ ಕೂತು ಯೋಚಿಸಿ ಯೋಚಿಸಿ ಒಂದು ತೋಳನ್ನು ತಿರುಗುಮುರುಗಾಗಿ ಹೊಲಿದುಬಿಟ್ಟೆ.

ಅದನ್ನು ಬಿಚ್ಚುತ್ತಿರುವಾಗ ಹೊಳೆಯಿತು. ಕಾಕಾ ಕೇಳಿಕೊಂಡರೆ ಬಗ್ಗುವವರಲ್ಲ, ಆದರೆ ನಿಯಮ ಮೀರಿದವರೂ ಅಲ್ಲ. ಹಳಿಯ ಮೇಲೆ ಕೆಲಸ ಮಾಡಿದವರು, ಸೀಟಿ ಕೇಳಿದರೆ ಸರಿಯಬೇಕು, ಸೀಟಿ ಕೇಳಿದರೆ ನಿಲ್ಲಬೇಕು. ಇವತ್ತಿಗೂ ಶಹಾಬಾದದಲ್ಲಿ ಖಾಲಿ ರಸ್ತೆ ದಾಟುವಾಗಲೂ ಎರಡೂ ಕಡೆ ನೋಡಿ, ನಿಂತು, ಆಮೇಲೆ ಹೆಜ್ಜೆ ಇಡುತ್ತಾರೆ. ಅವರಿಗೆ ಬೇಕಾದ್ದು ನಿಯಮವಿರುವ ಆಟ. ನನ್ನ ಬಸ್ಸಿನಾಟಕ್ಕೆ ಒಂದೇ ಒಂದು ನಿಯಮ ಸೇರಿಸಿದೆ. ದಸ್ತಿ ಎಸೆದು ಹಿಡಿದ ಸೀಟು ನಿಮಗಲ್ಲ, ನಿಮ್ಮ ಜೋಡಿಗೆ. ಕಂಡಕ್ಟರು ಬಂದು ಈ ಸೀಟು ಯಾರಿಗೆ ಎಂದು ಕೇಳಿದಾಗ ಅವರ ಹೆಸರು ಎಲ್ಲರಿಗೂ ಕೇಳುವಂತೆ ಹೇಳಬೇಕು. ‘ನಮ್ಮವರಿಗಿ’, ‘ಇಕಿಗಿ’ ನಡೆಯುವುದಿಲ್ಲ. ಹೆಸರು ತಪ್ಪಿದರೆ ಸೀಟು ಖಾಲಿ.

ಮೊದಲ ಸುತ್ತು ಹೆಂಗಸರದು ಎಂದು ಇಟ್ಟೆ. ನಮ್ಮ ಹೆಂಗಸರು ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳುವುದಿಲ್ಲ, ಒಡಪು ಕಟ್ಟಿ ಅದರ ಕೊನೆಗೆ ಹೆಸರು ಸೇರಿಸುತ್ತಾರೆ. ಲಗ್ನ, ಕುಬಸ ಎಲ್ಲ ಕಡೆ ಹೇಳಿ ಹೇಳಿ ಅವರಿಗೆ ರೂಢಿ. ಹೆಂಡಂದಿರು ಧೈರ್ಯವಾಗಿ ಹೇಳಿದ ಮೇಲೆ ಗಂಡಸರು ಹಿಂದೆ ಸರಿಯಲು ಬರುವುದಿಲ್ಲ. ಆಪಾಳಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಬಳೆ ಜೋಡಿಸುವುದನ್ನು ಬಿಟ್ಟು, ‘ನಿನ್ ದಿಮಾಗ್ ಭಾರಿ ಅದ ತಂಗಿ. ನೀ ವಕೀಲ್ ಆಗಬೇಕಿತ್ತು, ಸುಮ್ನ ಟೇಲರ್ ಆದಿ’ ಎಂದಳು. ನನಗೂ ಹಾಗೇ ಅನ್ನಿಸಿತು.

ಕಾರ್ಯಕ್ರಮದ ದಿನ ನಾವು ಶಹಾಬಾದ ತಲುಪಿದಾಗ ಬಾಗಿಲಿಗೇ ದೊಡ್ಡ ಬ್ಯಾನರು. ಕಾಕಾ ಕಾಕುವಿನ ಫೋಟೊ, ಕೆಳಗೆ ಇಬ್ಬರ ಹೆಸರು ಹಳದಿ ಅಕ್ಷರದಲ್ಲಿ. ಪಡಸಾಲೆಯ ಗೋಡೆಗೂ ಅಂಥದೇ ಇನ್ನೊಂದು. ಕೇಕು ಕತ್ತರಿಸಿದ್ದಾಯಿತು. ಕಾಕಾ ಕೇಕಿನ ತುಂಡನ್ನು ಕಾಕುವಿನ ಬಾಯಿಗೆ ಇಡಬೇಕೆಂದು ಹುಡುಗರು ಕೂಗಿದಾಗ ಅವರು ಅದನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದರು. ಹೋಳಿಗೆ ಊಟವಾಯಿತು. ಎಲೆ ಅಡಿಕೆ ಮುಗಿದು ಮಂದಿ ಗೋಡೆಗೆ ಒರಗುವ ಹೊತ್ತಿಗೆ ನಾನು ಸೀರೆಯ ಸೆರಗು ಸಿಕ್ಕಿಸಿ, ಸೀಟಿ ಬಾಯಿಗಿಟ್ಟೆ.

‘ಎಲ್ಲಾರೂ ಏಳ್ರಿ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಸುಲೇಪೇಟ, ಚಿಂಚೋಳಿ ಬಸ್ ಬಂದದ! ಸೀಟ್ ಇಲ್ಲದವರು ನಿಂತ್ಕೊಂಡ್ ಹೋಗ್ಬೇಕಾಗ್ತದ!’

ಆಪಾ ಕುರ್ಚಿ ಜೋಡಿಸಿದ್ದಳು. ಶಹಾಬಾದದ ಕಲ್ಲಿನ ನೆಲ, ಒರೆಸಿ ಒರೆಸಿ ನುಣುಪಾದದ್ದು, ಕುರ್ಚಿಗಳು ಸುಮ್ಮನೆ ಜಾರುತ್ತಿದ್ದವು, ಬಸ್ಸು ನಿಜಕ್ಕೂ ಹೊರಟಂತೆಯೇ ಕಾಣುತ್ತಿತ್ತು. ನಾನು ನಿಯಮ ಹೇಳಿದೆ. ಗಂಡಸರು ಗೊಣಗಿದರು. ಕಾಕಾ ಗೋಡೆ ಹಿಡಿದು ನಿಂತಿದ್ದರು. ನಿಯಮ ಕೇಳುವಾಗ ಅವರು ತಲೆ ಅಲ್ಲಾಡಿಸಿದ್ದನ್ನು ನಾನು ನೋಡಿಕೊಂಡೆ.

ಹೆಂಗಸರ ಸುತ್ತು ಗದ್ದಲದಲ್ಲಿ ಹೋಯಿತು. ಕಾಕುವಿನ ದಸ್ತಿ ಎರಡನೇ ಸಾಲಿನ ಕುರ್ಚಿಯ ಮೇಲೆ ಬಿತ್ತು. ನಾನು ಹೋಗಿ ‘ಈ ಸೀಟ್ ಯಾರಿಗಿ ಹಿಡದೀರಿ?’ ಎಂದೆ. ಅವಳು ನಾಚಲಿಲ್ಲ. ‘ವಾಡಿ ಟೇಶನ್‌ಕ ರೈಲು ಬಂತು ಸೀಟಿ ಹೊಡ್ಕೋತ, ಮನಿಗಿ ಬರ್ತಾರ ನಮ್ಮವರು ಬಿಸಿ ರೊಟ್ಟಿ ಬೇಡ್ಕೋತ’ ಎಂದು ರಾಗ ಎಳೆದು, ಕಾಕಾನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಮಂದಿ ಚಪ್ಪಾಳೆ ತಟ್ಟಿದರು. ಕಾಕಾ ಬಂದು ಕುರ್ಚಿಯ ಅಂಚಿನಲ್ಲಿ ಕೂತು, ಸೀಟಿ ಆದ ಕೂಡಲೇ ಎದ್ದರು.

ಆಮೇಲೆ ಗಂಡಸರ ಸುತ್ತು. ಹೆಂಗಸರೆಲ್ಲ ಎದುರಿನ ಗೋಡೆಗೆ, ಅದು ಬಸ್ ಸ್ಟ್ಯಾಂಡು. ಕಾಕು ಹೊಸ ಬ್ಲೌಸು ತೊಟ್ಟು, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಕಾನ ಕಡೆಯೇ ನೋಡುತ್ತಿದ್ದಳು. ಸೀಟಿ ಊದಿದೆ. ದಸ್ತಿಗಳು ಹಾರಿದವು. ಕಾಕಾ ಹೆಗಲ ಮೇಲಿನ ಟಾವೆಲನ್ನು ಮಡಚಿ ಎಸೆದರು, ಅದು ಕಿಟಕಿ ಕಡೆಯ ಕುರ್ಚಿಯ ಮೇಲೆ ಸರಿಯಾಗಿ ಕೂತಿತು. ಬೇರೆಯವರದೆಲ್ಲ ಬೇಗ ಮುಗಿಯಿತು. ನನ್ನ ಯಜಮಾನರು ನನ್ನ ಹೆಸರು ಹೇಳಿ, ‘ಇಕಿಗಿ ಸೀಟ್ ಕೊಟ್ರೂ ಕುಂದ್ರಲ್ಲ, ನಿಂತೇ ಮಾತಾಡ್ತಾಳ’ ಎಂದು ಸೇರಿಸಿ ನಗಿಸಿದರು. ನಾನು ಕಾಕಾನ ಹತ್ತಿರ ಬಂದೆ.

‘ಕಾಕಾ, ಈ ಸೀಟ್ ಯಾರಿಗಿ ಹಿಡದೀರಿ?’

ಅವರು ಟಾವೆಲು ನೋಡಿದರು. ಅವರ ಮಗ, ‘ಅಕ್ಕಾ, ಬಿಡ್ರಿ, ಅಪ್ಪಗ ಸಂಕೋಚ ಆಗಲಿಕತ್ತದ’ ಎಂದ. ‘ನೀ ಸುಮ್ನಿರು, ನೀ ಡ್ರೈವರ್ ಅಲ್ಲ ಕ್ಲೀನರ್ ಅಲ್ಲ’ ಎಂದೆ. ಮತ್ತೆ ಕೇಳಿದೆ. ‘ನಿಯಮ ಅದ ಕಾಕಾ. ಹೆಸರ್ ಹೇಳದಿದ್ರ ಸೀಟ್ ಹೋಗ್ತದ.’

ಕಾಕಾ ಗಂಟಲು ಸರಿ ಮಾಡಿಕೊಂಡು ಒಂದು ಹೆಸರು ಹೇಳಿದರು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ.

ಅದು ಕಾಕುವಿನ ಹೆಸರಾಗಿರಲಿಲ್ಲ.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಗುಲ್ಲೆಂದರೆ ಗುಲ್ಲು. ಸೊಸೆ, ‘ಮಾವಾರಿ, ಅತ್ತಿಯವರ ಹೆಸರು ಬ್ಯಾನರ್ ಮ್ಯಾಲ ಅದ, ನೋಡ್ಕೊಂಡ್ ಹೇಳ್ರಿ’ ಎಂದಳು. ಮೊಮ್ಮಗಳೊಬ್ಬಳು ಕುಣಿಯುತ್ತ, ‘ಅಜ್ಜಾ, ಯಾರ್ ಅಕಿ? ಯಾರ್ ಅಕಿ?’ ಎಂದು ಕೂಗಿದಳು. ಓಣಿಯವರೊಬ್ಬರು, ‘ವಾಡಿದಾಗ ಏನೋ ನಡದಿತ್ತು ನೋಡ್ರಿ, ಐವತ್ ವರ್ಷಕ್ಕ ಹೊರಗ ಬಂತು’ ಎಂದರು. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಬಾಯಲ್ಲಿ ಸೀಟಿಯಿತ್ತು, ಊದಿಬಿಟ್ಟೆ.

‘ಹೆಸರು ತಪ್ಪು. ಸೀಟ್ ಖಾಲಿ.’

ಟಾವೆಲು ಎತ್ತಿಕೊಂಡೆ. ಕಾಕಾ ವಾದ ಮಾಡಲಿಲ್ಲ. ಸೀಟಿ ಆಯಿತು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಗ ನನಗೆ ನಾನು ಮಾಡಿದ್ದು ಏನೆಂದು ಅರಿವಾಯಿತು. ಒಮ್ಮೆ ತನ್ನ ಹೆಸರು ಕೇಳಬೇಕು ಎಂದು ಬೇಡಿಕೊಂಡವಳಿಗೆ, ಬಳಗದ ಎದುರು, ಅವಳ ಗಂಡನ ಬಾಯಿಂದ ಬೇರೆ ಹೆಂಗಸಿನ ಹೆಸರು ಕೇಳಿಸಿದ್ದೆ. ಆಪಾ ನನ್ನ ರಟ್ಟೆ ಹಿಡಿದು, ‘ತೋಬಾ ತೋಬಾ, ಏನ್ ಮಾಡಿಟ್ಟಿ ತಂಗಿ’ ಎಂದಳು. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು, ಜೀವಮಾನದಲ್ಲಿ ಹಾಗೆ ಅನ್ನಿಸಿದ್ದು ಅದೇ ಮೊದಲು.

ಕಾಕು ಗೋಡೆ ಬಿಟ್ಟು ನಡೆದು ಬಂದಳು. ನನ್ನ ಕೈಯಲ್ಲಿದ್ದ ಟಾವೆಲನ್ನು ಕಸಿದುಕೊಂಡಳು. ಅದನ್ನು ಕುರ್ಚಿಯ ಮೇಲೆ ಹಾಸಿ, ಅದರ ಮೇಲೆ ಗಟ್ಟಿಯಾಗಿ ಕೂತಳು.

‘ಸೀಟ್ ನಂದು’ ಎಂದಳು.

‘ಕಾಕು, ಅವರು ಹೇಳಿದ ಹೆಸರು...’

‘ನಂದೇ ಹೆಸರು. ನಮ್ಮವ್ವ ಅಪ್ಪ ಇಟ್ಟಿದ್ದು.’

ನಗು ನಿಂತಿತು. ಮೊಮ್ಮಕ್ಕಳಿಗೆ ತಿಳಿಯಲಿಲ್ಲ, ನನ್ನ ವಯಸ್ಸಿನವರಿಗೆ ತಿಳಿಯಿತು. ನಮ್ಮ ಕಡೆ ಸೊಸೆ ಮನೆಗೆ ಬಂದ ದಿನ ಅವಳ ಹೆಸರು ಬದಲಿಸುವ ಪದ್ಧತಿಯಿತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಅತ್ತೆ ಹೊಸ ಹೆಸರು ಆರಿಸುತ್ತಾಳೆ. ಪರಾತದಂಥ ದೊಡ್ಡ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಆ ಹೆಸರನ್ನು ಅಕ್ಕಿಯ ಮೇಲೆ ಬರೆಯುತ್ತಾನೆ. ಅವತ್ತಿನಿಂದ ಅವಳಿಗೆ ಅದೇ ಹೆಸರು. ರೇಶನ್ ಕಾರ್ಡಿನಲ್ಲಿ ಅದೇ, ಆಧಾರಿನಲ್ಲಿ ಅದೇ, ಬ್ಯಾನರಿನಲ್ಲೂ ಅದೇ. ತವರಿನ ಹೆಸರು ಕರೆಯುವವರು ಒಬ್ಬೊಬ್ಬರಾಗಿ ತೀರಿಹೋಗುತ್ತಾರೆ. ಕಾಕುವಿನ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ತನ್ನ ಅವ್ವನಿಗೆ ಇನ್ನೊಂದು ಹೆಸರಿತ್ತೆಂದು ಅವತ್ತೇ ಗೊತ್ತಾದದ್ದು. ಅವನು ಬಾಯಿ ತೆರೆದು ನಿಂತಿದ್ದ.

ನಾನು ಕಾಕಾನ ಕಡೆ ತಿರುಗಿದೆ. ಕಂಡಕ್ಟರಿನ ಜೋರೆಲ್ಲ ಇಳಿದುಹೋಗಿತ್ತು. ‘ಕಾಕಾ, ಮತ್ತ ಇಷ್ಟ್ ವರ್ಷ ಯಾಕ ಕರೀಲಿಲ್ರಿ?’ ಎಂದು ಮೆಲ್ಲಗೆ ಕೇಳಿದೆ.

ಅವರು ಎಲ್ಲರ ಮುಂದೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

‘ಹೊಸ ಹೆಸರು ನಮ್ಮವ್ವ ಹೇಳಿದ್ಲು, ನಾ ಅಕ್ಕಿ ಮ್ಯಾಲ ಬರದೆ. ಬರ್ದು ತೆಲಿ ಎತ್ತಿ ನೋಡಿದೆ, ಇಕಿ ಅಳಲಿಕತ್ತಿದ್ಲು. ಸಪ್ಪಳಿಲ್ದಂಗ. ಆ ಹೆಸರಿಲೆ ಕರೀಲಿಕ್ಕ ನನಗ ಬಾಯಿ ಬರಲಿಲ್ಲ. ಹಳೀ ಹೆಸರಿಲೆ ಕರದ್ರ ಅವ್ವ ಸಿಟ್ಟಿಗೇಳ್ತಿದ್ಲು. ಅವ್ವ ಇರೋ ತನಕ ಹಂಗೇ ನಡೀತು. ಅವ್ವ ಹೋದ ಮ್ಯಾಲ, ಇಷ್ಟ್ ವರ್ಷ ಬಿಟ್ಟು ಈಗ ಹೆಂಗ ಕರೀಬೇಕು ಅಂಬೋದು ತಿಳೀಲಿಲ್ಲ.’

ಕೊನೆಗೆ, ‘ಇವತ್ತು ಹೆಸರ್ ಹೇಳದಿದ್ರ ಸೀಟ್ ಹೋಗ್ತದ ಅಂದಿ’ ಎಂದರು.

ಆಪಾ ಮೂಗೊರೆಸಿಕೊಳ್ಳುತ್ತಿದ್ದಳು. ನನಗೂ ಅಳು ಬಂತು, ಬಂದದ್ದನ್ನು ಮುಚ್ಚಿಡಲಿಲ್ಲ. ಸೊಸೆ ಬ್ಯಾನರಿನ ಕಡೆ ನೋಡುವುದನ್ನು ಬಿಟ್ಟು ಅತ್ತೆಯ ಮುಖ ನೋಡುತ್ತಿದ್ದಳು. ನಾನು ತೀರ್ಪು ತಿರುಗಿಸಿದೆ, ಹೆಸರು ಸರಿ, ಸೀಟು ಸರಿ ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಆ ಹೆಸರನ್ನು ಇಲ್ಲಿ ಬರೆಯಬಹುದಿತ್ತು. ಬರೆಯುವುದಿಲ್ಲ. ಅದು ಚಿಮ್ಮನಚೋಡದ ಹುಡುಗಿಯೊಬ್ಬಳದು, ಕಾಕಾ ಅಷ್ಟು ವರ್ಷ ಜೋಪಾನ ಮಾಡಿದ್ದು.

ಚಪ್ಪಾಳೆ ನಿಂತ ಮೇಲೆ ಕಾಕು ಕುರ್ಚಿಯಿಂದ ಏಳದೆ ಗಂಡನ ಕಡೆ ಮುಖ ಎತ್ತಿದಳು.

‘ಇನ್ನೊಮ್ಮಿ ಅನ್ರಿ.’

ಕಾಕಾ ನನ್ನ ಕಡೆ ನೋಡಿದರು. ನಾನು ಸೀಟಿಯನ್ನು ಕೊರಳಿಂದ ತೆಗೆದು ಆಪಾಳ ಚೀಲಕ್ಕೆ ಹಾಕಿದೆ. ಅವರು ಬಂದು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು, ಈ ಸಲ ಅಂಚಿನಲ್ಲಲ್ಲ, ಪೂರ್ತಿ ಒರಗಿ. ಅವಳ ಕಡೆ ತಿರುಗಿ, ನಮ್ಮ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕರೆದರು.

ಕಾಕು, ‘ಓ’ ಎಂದಳು.